ಮಗುವಿನ ಹಗುರ ತಳ್ಳುಗಾಡಿ: ಆಯ್ಕೆ ಈಗ, ಖರೀದಿ ಆಮೇಲೆ

ಮನೆಗೆ ಹೊಸ ಮಗು ಬರುವ ಕಾಲ ಹತ್ತಿರವಾದಂತೆ ಸಂಭ್ರಮದ ಜೊತೆಗೆ ಸಾಮಾನುಗಳ ಪಟ್ಟಿಯೂ ಬೆಳೆಯುತ್ತದೆ. ಮೆತ್ತನೆಯ ಬಟ್ಟೆ, ಹಾಸಿಗೆ, ಸೊಳ್ಳೆಪರದೆಗಳ ಜೊತೆಗೆ ಈಗ ಮಕ್ಕಳ ತಳ್ಳುಗಾಡಿಯೂ ಆ ಪಟ್ಟಿಗೆ ಸೇರಿದೆ. ಅಂಗಡಿಯವರು ಇದನ್ನು ಸ್ಟ್ರೋಲರ್ ಎನ್ನುತ್ತಾರೆ. ಹಲವು ಮನೆಗಳಲ್ಲಿ ಪ್ರಾಮ್ ಎಂದೇ ರೂಢಿ. ಅಂಗಡಿಗೆ ಹೋದರೆ ಹತ್ತಾರು ಬಗೆಯ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಬಣ್ಣ, ಬೆಲೆ, ಹೆಸರು ನೋಡಿ ಕೊಳ್ಳುವುದು ಸುಲಭ. ಆದರೆ ಆ ಗಾಡಿ ನಿಮ್ಮ ಮಗುವಿನ ಕುತ್ತಿಗೆಗೆ, ನಿಮ್ಮ ಮನೆಯ ಮೆಟ್ಟಿಲಿಗೆ, ನಿಮ್ಮ ಬೀದಿಯ ಕಾಲುದಾರಿಗೆ ಹೊಂದುತ್ತದೆಯೇ ಎಂಬುದನ್ನು ನೋಡುವುದು ಬಹಳ ಮುಖ್ಯ. ಗರ್ಭಿಣಿಯರಿಗೂ ಅವರ ಜೊತೆ ಬಂದಿರುವ ಬಂಧುಗಳಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಗಾಡಿ ಯಾವಾಗ ಬೇಕಾಗುತ್ತದೆ?

ಮಗು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಅದು ಮನೆಯಿಂದ ಹೊರಗೆ ಹೋಗುವ ಸಂದರ್ಭಗಳು ಎಷ್ಟು? ಎಣಿಸಿ ನೋಡಿ. ಹುಟ್ಟಿದ ಕೂಡಲೇ ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್-ಬಿ ಲಸಿಕೆಗಳನ್ನು ಆಸ್ಪತ್ರೆಯಲ್ಲಿಯೇ ಕೊಡುತ್ತಾರೆ. ಆಮೇಲೆ 6, 10 ಮತ್ತು 14ನೇ ವಾರಗಳಲ್ಲಿ ಲಸಿಕೆಗಾಗಿ ಬರಬೇಕು. ಇದಲ್ಲದೆ ವೈದ್ಯರು ಹೇಳಿದ ಒಂದೆರಡು ತಪಾಸಣೆಗಳಿರುತ್ತವೆ. ಬಾಣಂತನದ ದಿನಗಳಲ್ಲಿ ತಾಯಿ-ಮಗು ಮನೆಯಲ್ಲಿಯೇ ಇರುವುದು ನಮ್ಮಲ್ಲಿ ವಾಡಿಕೆ. ಈ ಕೆಲವು ಪ್ರಯಾಣಗಳಲ್ಲಿ ಮಗು ಅಮ್ಮನ ಅಥವಾ ಅಜ್ಜಿಯ ತೋಳಿನಲ್ಲಿರುವುದೇ ಸಹಜ. ಬೆಚ್ಚಗಿರುತ್ತದೆ, ಹಸಿದಾಗ ಹಾಲು ಸಿಗುತ್ತದೆ, ಅದರ ಮುಖ ಸದಾ ಕಣ್ಣೆದುರಿಗೆ ಇರುತ್ತದೆ.

ಹೆರಿಗೆಗೆ ಮೊದಲು ಮಗುವಿನ ಸಾಮಾನು ತರಬಾರದೆಂದು ಹಿರಿಯರು ಹೇಳುವುದುಂಟು. ಆ ನಂಬಿಕೆ ನಿಮ್ಮ ಮನೆಯಲ್ಲಿದ್ದರೆ ಗಾಡಿಯ ವಿಷಯದಲ್ಲಿ ಅದರಿಂದ ನಷ್ಟವೇನೂ ಇಲ್ಲ. ಹೆರಿಗೆಗೆ ಮುಂಚೆ ಮಾಡಬೇಕಾದ ಕೆಲಸ ಖರೀದಿಯಲ್ಲ, ವಿಚಾರ. ಈಗ ಸಾವಕಾಶವಾಗಿ ನೋಡಿ, ಅಳತೆ ಮಾಡಿ, ತೂಗಿ ಇಟ್ಟುಕೊಳ್ಳಿ. ಮಗು ಬಂದ ಮೇಲೆ, ನಿಜವಾಗಿ ಬೇಕೆನಿಸಿದಾಗ ಕೊಳ್ಳಿ.

ಹಸುಗೂಸಿನ ಕುತ್ತಿಗೆಯನ್ನು ಮರೆಯಬೇಡಿ

ಹುಟ್ಟಿದ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಕುತ್ತಿಗೆಯ ಸ್ನಾಯುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲುತ್ತದೆ. ಸುಮಾರು ಆರು ತಿಂಗಳ ಹೊತ್ತಿಗೆ ಮಗು ಆಸರೆಯಿಂದ ಕುಳಿತುಕೊಳ್ಳುತ್ತದೆ. ಇದಕ್ಕೆ ಮೊದಲೇ ಒರಗಿದ ಆಸನದಲ್ಲಿ ಕೂರಿಸಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗುತ್ತದೆ. ಹಸುಗೂಸಿನ ಶ್ವಾಸನಾಳ ಬಹಳ ಕಿರಿದು. ಗದ್ದ ಎದೆಗೆ ಒತ್ತಿದಾಗ ಆ ದಾರಿ ಮಡಚಿಕೊಂಡು ಉಸಿರಾಟಕ್ಕೆ ತೊಂದರೆಯಾಗಬಹುದು. ಮಗು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲ. ನಿದ್ದೆ ಮಾಡುತ್ತಿರುವಂತೆಯೇ ಕಾಣುತ್ತದೆ. ಆದ್ದರಿಂದಲೇ ಇದು ಅಪಾಯಕಾರಿ.

ಹೀಗಾಗಿ ಆರು ತಿಂಗಳೊಳಗಿನ ಮಗುವಿಗೆ ಬೆನ್ನು ಪೂರ್ತಿ ಚಪ್ಪಟೆಯಾಗಿ ಮಲಗುವಂಥ ಗಾಡಿ ಮಾತ್ರ ತಕ್ಕುದು. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಾದರೆ ವೈದ್ಯರನ್ನು ಕೇಳದೆ ಯಾವ ಗಾಡಿಯನ್ನೂ ಬಳಸಬೇಡಿ.

ಹಗುರ ಗಾಡಿಗಳ ಬಗೆಗಳು

ಛತ್ರಿ ಮಾದರಿ: 1965ರಲ್ಲಿ ಇಂಗ್ಲೆಂಡಿನ ಓವೆನ್ ಮೆಕ್ಲಾರೆನ್ ಎಂಬ ನಿವೃತ್ತ ವಿಮಾನ ಎಂಜಿನಿಯರ್ ಅಲ್ಯೂಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚುವ ಗಾಡಿಯೊಂದನ್ನು ರೂಪಿಸಿದರು. ಇಂದಿನ ಹಗುರ ಗಾಡಿಗಳಿಗೆ ಅದೇ ಮೂಲ. ಈಗಿನ ಛತ್ರಿ ಮಾದರಿಗಳು ಸಾಮಾನ್ಯವಾಗಿ 4ರಿಂದ 6 ಕಿಲೋ ತೂಗುತ್ತವೆ. ಬೆಲೆಯೂ ಕಡಿಮೆ. ಆದರೆ ಇವುಗಳ ಆಸನ ಜೋಲುವ ಬಟ್ಟೆಯದು. ಬೆನ್ನು ಪೂರ್ತಿ ಮಲಗುವುದಿಲ್ಲ. ಕುಳಿತುಕೊಳ್ಳಲು ಬಂದ ಮಗುವಿಗೆ ಇದು ಸರಿ, ಹಸುಗೂಸಿಗೆ ಅಲ್ಲ. ಹಿಡಿಗಳು ಎರಡು ಬೇರೆ ಬೇರೆಯಾಗಿರುವುದರಿಂದ ಒಂದೇ ಕೈಯಲ್ಲಿ ತಳ್ಳುವುದು ಕಷ್ಟ.

ಚಿಕ್ಕದಾಗಿ ಮಡಚುವ ಮಾದರಿ: ಇದು ಎರಡು-ಮೂರು ಮಡಿಕೆಯಾಗಿ ಒಂದು ಕೈಚೀಲದಷ್ಟಾಗುತ್ತದೆ. ತೂಕ ಸುಮಾರು 6ರಿಂದ 8 ಕಿಲೋ. ಹಿಡಿ ಒಂದೇ ಪಟ್ಟಿ. ಕೆಲವು ಮಾದರಿಗಳಲ್ಲಿ ಬೆನ್ನು ಪೂರ್ತಿ ಮಲಗುತ್ತದೆ, ಕೆಲವುಗಳಲ್ಲಿ ಅರ್ಧ ಮಾತ್ರ. ಇಲ್ಲಿಯೇ ಎಚ್ಚರ ಬೇಕು.

ಇವೆರಡಕ್ಕಿಂತ ದೊಡ್ಡ ಗಾಡಿಗಳು 10 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತವೆ. ಚಕ್ರ ದೊಡ್ಡದು, ಕುಲುಕಾಟ ಕಡಿಮೆ, ಮಗು ಆರಾಮವಾಗಿ ಮಲಗುತ್ತದೆ. ಆದರೆ ಲಿಫ್ಟ್ ಇಲ್ಲದ ಮನೆಯಲ್ಲಿ ಅದು ಬಾಗಿಲ ಮೂಲೆಗೇ ಉಳಿಯುತ್ತದೆ.

ತೂಕದ ಲೆಕ್ಕ

ಅಂಗಡಿಯಲ್ಲಿ ಖಾಲಿ ಗಾಡಿಯನ್ನು ಎತ್ತಿ ನೋಡಿ ಹಗುರವೆಂದು ನಿರ್ಧರಿಸಬೇಡಿ. ಹುಟ್ಟಿದಾಗ ಸುಮಾರು 3 ಕಿಲೋ ಇದ್ದ ಮಗು ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ತೂಗುತ್ತದೆ. ಆರು ಕಿಲೋ ಮಗು, ಆರು ಕಿಲೋ ಗಾಡಿ ಎಂದರೆ ತುಂಬಿದ ಕೊಡದಷ್ಟು ಭಾರ. ಕೊಡವನ್ನಾದರೂ ಸೊಂಟದ ಮೇಲಿಡಬಹುದು, ಗಾಡಿಯನ್ನು ಇಡಲಾಗುವುದಿಲ್ಲ.

ಸಿಸೇರಿಯನ್ ಆದ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಸುಮಾರು ಆರು ವಾರಗಳವರೆಗೆ ಮಗುವಿಗಿಂತ ಭಾರವಾದುದನ್ನು ಎತ್ತಬಾರದು. ಅತ್ಯಂತ ಹಗುರ ಗಾಡಿಯೂ ಆ ಮಿತಿಯನ್ನು ಮೀರುತ್ತದೆ. ಮನೆಯಲ್ಲಿ ಎತ್ತಿಕೊಡುವವರು ಯಾರು ಎಂಬುದನ್ನು ಗಾಡಿ ತರುವ ಮೊದಲೇ ಮಾತಾಡಿಕೊಳ್ಳಿ. ಹಗಲಿನಲ್ಲಿ ತಾಯಿ ಒಬ್ಬಳೇ ಇರುವ ಮನೆಯಾದರೆ, ಅವಳು ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಎತ್ತಬಲ್ಲ ಗಾಡಿಯೇ ಸರಿಯಾದ ಗಾಡಿ.

ನಮ್ಮ ಬಡಾವಣೆಗಳ ಬೀದಿಯಲ್ಲಿ

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ, ಜನ ಗಾಳಿ-ಬೆಳಕಿನಲ್ಲಿ ಬದುಕಲೆಂದು ಬೆಳೆದವು. ನೇರವಾದ ಮುಖ್ಯರಸ್ತೆಗಳು, ಅಡ್ಡರಸ್ತೆಗಳು, ಸಾಲುಮರಗಳು ಇಂದಿಗೂ ಇವುಗಳ ಭಾಗ್ಯ. ಆದರೆ ಗಾಡಿ ತಳ್ಳುವವರಿಗೆ ಅದೇ ಮರದ ಬೇರು ಎತ್ತಿ ನಿಲ್ಲಿಸಿದ ಕಲ್ಲು ಅಡ್ಡ ಬರುತ್ತದೆ. ಚರಂಡಿಯ ಮೇಲಿನ ಚಪ್ಪಡಿಗಳ ನಡುವಿನ ಸಂದಿಯಲ್ಲಿ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ. ಕಾಲುದಾರಿಯ ಮೇಲೆ ನಿಲ್ಲಿಸಿದ ಸ್ಕೂಟರ್ ಎದುರಾದಾಗ ರಸ್ತೆಗೆ ಇಳಿಯಲೇಬೇಕಾಗುತ್ತದೆ. ಹಳೆಯ ಮನೆಗಳ ಬಾಗಿಲಲ್ಲಿ ಮೂರು-ನಾಲ್ಕು ಮೆಟ್ಟಿಲು. ಮಹಡಿಯ ಬಾಡಿಗೆ ಮನೆಗಳಲ್ಲಿ ಹೊರಗಿನ ಕಿರಿದಾದ ಮೆಟ್ಟಿಲ ಸಾಲು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯವರಲ್ಲಿ ಒಬ್ಬರು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಬಾಗಿಲಿನಿಂದ ನೀವು ಹೆಚ್ಚಾಗಿ ಹೋಗುವ ಜಾಗದವರೆಗೆ, ಅದು ಉದ್ಯಾನವಿರಲಿ, ತರಕಾರಿ ಅಂಗಡಿಯಿರಲಿ, ಆಸ್ಪತ್ರೆಯಿರಲಿ, ನಡೆದು ಹೋಗಿ. ಎಷ್ಟು ಸಲ ಗಾಡಿಯನ್ನು ಎತ್ತಬೇಕಾಗುತ್ತದೆ ಎಂದು ಎಣಿಸಿ. ಎರಡು-ಮೂರು ಸಲವಾದರೆ ಗಾಡಿ ಉಪಯೋಗಕ್ಕೆ ಬರುತ್ತದೆ. ಹತ್ತು ಸಲವಾದರೆ ತೋಳೇ ಮೇಲು.

ಲಾಲ್‌ಬಾಗಿನ ಒಳರಸ್ತೆಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನ, ಮಲ್ಲೇಶ್ವರದ ಬಳಿಯ ಸ್ಯಾಂಕಿ ಕೆರೆಯ ನಡಿಗೆ ದಾರಿಯಂಥ ಜಾಗಗಳಲ್ಲಿ ವಾಹನಗಳ ಕಾಟವಿಲ್ಲದೆ ನಿಧಾನವಾಗಿ ತಳ್ಳಬಹುದು. ಹೀಗೆ ದಿನವೂ ಉದ್ಯಾನಕ್ಕೆ ಹೋಗುವವರಿಗೆ ಗಾಡಿ ನಿಜಕ್ಕೂ ನೆರವು. ಆದರೆ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಗೆ ಹೋಗುವಾಗ ಗಾಡಿಯನ್ನು ಮನೆಯಲ್ಲಿಯೇ ಬಿಡಿ. ಜನಜಂಗುಳಿಯಲ್ಲಿ ಅದು ಮಗುವಿಗೂ ಕ್ಷೇಮವಲ್ಲ, ಬೇರೆಯವರಿಗೂ ಅಲ್ಲ.

ಮೆಟ್ರೋದಲ್ಲಿ ಹೋಗುವವರು ಲಿಫ್ಟನ್ನೇ ಬಳಸಿ. ನ್ಯಾಷನಲ್ ಕಾಲೇಜು, ಕೃಷ್ಣರಾಜೇಂದ್ರ ಮಾರುಕಟ್ಟೆ, ಸಂಪಿಗೆ ರಸ್ತೆ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಎಸ್ಕಲೇಟರ್ ಮೇಲೆ ಗಾಡಿಯನ್ನು ಎಂದಿಗೂ ಏರಿಸಬೇಡಿ. ಆಟೋದಲ್ಲಿ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಮಡಚಿ ಕಾಲಿನ ಬಳಿ ಇಡಬೇಕು. ಅಲ್ಲಿ ಹಿಡಿಸುವ ಗಾಡಿಯೇ ನಿಮಗೆ ಬೇಕಾದದ್ದು. ತಳ್ಳುಗಾಡಿಯ ಆಸನವನ್ನು ಕಾರಿನಲ್ಲಿ ಮಗುವಿನ ಸುರಕ್ಷತಾ ಆಸನವಾಗಿ ಬಳಸಬಾರದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

1. ಬೆನ್ನನ್ನು ಪೂರ್ತಿ ಮಲಗಿಸಿ ನೋಡಿ. ಬದಿಯಿಂದ ನೋಡಿದಾಗ ಹಾಸಿಗೆಯಂತೆ ಸಮತಟ್ಟಾಗಿರಬೇಕು. ಎಷ್ಟು ತಿಂಗಳ ಮಗುವಿಗೆ, ಎಷ್ಟು ಕಿಲೋವರೆಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದಿ.

2. ಬೆಲ್ಟ್ ಐದು ಕಡೆ ಹಿಡಿಯಬೇಕು: ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು. ಸೊಂಟಕ್ಕೆ ಮಾತ್ರ ಬೆಲ್ಟ್ ಇದ್ದರೆ ಮಗು ಕೆಳಕ್ಕೆ ಜಾರುತ್ತದೆ.

3. ಬ್ರೇಕ್ ಹಾಕಿ ತಳ್ಳಿ. ಹಿಂದಿನ ಎರಡು ಚಕ್ರಗಳೂ ಕದಲಬಾರದು. ಚಪ್ಪಲಿ ಹಾಕಿದ ಕಾಲಿನಿಂದ ಬ್ರೇಕ್ ಹಾಕಿ ತೆಗೆಯಲು ಬರುತ್ತದೆಯೇ ನೋಡಿ.

4. ಅಂಗಡಿಯವರಲ್ಲ, ನೀವೇ ಮೂರು ಸಲ ಮಡಚಿ ಬಿಚ್ಚಿ. ಬಿಚ್ಚಿದಾಗ ಬೀಗ ಕಟ್ಟಿಕೊಂಡ ಶಬ್ದ ಕೇಳಿಸಬೇಕು; ಅರ್ಧಂಬರ್ಧ ನಿಲ್ಲಬಾರದು.

5. ಮಡಚುವ ಕೀಲುಗಳನ್ನು ಗಮನಿಸಿ. 2009ರಲ್ಲಿ ಅಮೆರಿಕದಲ್ಲಿ ಹೆಸರಾಂತ ಕಂಪನಿಯೊಂದರ ಸುಮಾರು 10 ಲಕ್ಷ ಗಾಡಿಗಳನ್ನು ಹಿಂಪಡೆಯುವ ಘೋಷಣೆಯಾಯಿತು. ಕೀಲಿಗೆ ಸಿಕ್ಕಿ 12 ಮಕ್ಕಳ ಬೆರಳ ತುದಿ ತುಂಡಾದ ವರದಿಗಳು ಬಂದಿದ್ದವು. ಕೀಲಿಗೆ ಮುಚ್ಚಳವಿರಲಿ. ಮಡಚುವಾಗ, ಬಿಚ್ಚುವಾಗ ಮಕ್ಕಳನ್ನು ದೂರ ನಿಲ್ಲಿಸಿ.

6. ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಗಾಡಿಯೂ ಚೆನ್ನಾಗಿ ಓಡುತ್ತದೆ. ಸಾಧ್ಯವಾದರೆ ಹೊರಗಿನ ಕಾಲುದಾರಿಯ ಮೇಲೆ ಹತ್ತು ಹೆಜ್ಜೆ ತಳ್ಳಿ ನೋಡಿ.

7. ಬಟ್ಟೆಯನ್ನು ತೆಗೆದು ಒಗೆಯಲು ಬರಬೇಕು.

ಬಳಸುವಾಗ ಎಚ್ಚರ

ತರಕಾರಿ ಚೀಲವನ್ನು ಹಿಡಿಗೆ ತೂಗುಹಾಕಬೇಡಿ. ಹಗುರ ಗಾಡಿ ಹಿಂದಕ್ಕೆ ಮಗುಚುತ್ತದೆ. ಬಿಸಿಲೆಂದು ಗಾಡಿಯ ಮೇಲೆ ಶಾಲು ಅಥವಾ ಬಟ್ಟೆ ಹೊದಿಸಬೇಡಿ. ಗಾಳಿಯಾಡದೆ ಒಳಗಿನ ಬಿಸಿ ಬೇಗ ಏರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಗಾಡಿಯಲ್ಲಿ ಮಗುವಿನ ಮುಖ ವಾಹನಗಳ ಹೊಗೆ ಕೊಳವೆಯ ಎತ್ತರಕ್ಕೇ ಇರುವುದರಿಂದ ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆಗಳಲ್ಲಿ, ಬೆಳಗಿನ ಹೊತ್ತು ಹೋಗಿ. ಮಗು ನಿದ್ದೆ ಹೋದರೆ ಮನೆ ಸೇರಿದ ಕೂಡಲೇ ಸಮತಟ್ಟಾದ ಹಾಸಿಗೆಗೆ ಅಂಗಾತ ಮಲಗಿಸಿ. ಗಾಡಿ ತೊಟ್ಟಿಲಲ್ಲ, ರಾತ್ರಿಯ ನಿದ್ದೆಗೆ ಅದು ಬೇಡ. ಒಂದು ನಿಮಿಷವಾದರೂ ಸರಿ, ಮಗುವನ್ನು ಗಾಡಿಯಲ್ಲಿ ಒಂಟಿಯಾಗಿ ಬಿಡಬೇಡಿ.

ಬಂಧುಗಳಿಗೆ ಒಂದು ಮಾತು

ತೊಟ್ಟಿಲಿಗೆ ಹಾಕುವ ದಿನ ಉಡುಗೊರೆಯಾಗಿ ಗಾಡಿ ತರುವ ಆಸೆ ಅಜ್ಜ-ಅಜ್ಜಿಯರಿಗೂ ಸೋದರಮಾವನಿಗೂ ಇರುವುದು ಸಹಜ. ಆದರೆ ಅದನ್ನು ದಿನವೂ ಎತ್ತುವವಳು ತಾಯಿ. ಅವಳನ್ನು ಕೇಳಿ ಕೊಳ್ಳಿ. ಸಾಧ್ಯವಾದರೆ ಹಣವನ್ನು ಈಗ ಎತ್ತಿಟ್ಟು ನಾಲ್ಕಾರು ತಿಂಗಳ ನಂತರ ಅವಳ ಜೊತೆಗೇ ಅಂಗಡಿಗೆ ಹೋಗಿ.

ಅಕ್ಕನ ಮಗು, ಅಣ್ಣನ ಮಗು ಬಳಸಿದ ಹಳೆಯ ಗಾಡಿ ಸಿಕ್ಕರೆ ನಾಚಿಕೊಳ್ಳಬೇಕಾಗಿಲ್ಲ. ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಅದಕ್ಕೂ ಮಾಡಿ. ಬೆಲ್ಟ್ ಹರಿದಿದ್ದರೆ, ಬ್ರೇಕ್ ಹಿಡಿಯದಿದ್ದರೆ, ಬೀಗ ಸಡಿಲವಾಗಿದ್ದರೆ ಬೇಡವೆನ್ನಿ. ಎಲ್ಲ ಸರಿಯಿದ್ದರೆ ಬಟ್ಟೆ ಒಗೆದು ಬಿಸಿಲಿಗೆ ಒಣಗಿಸಿ ಬಳಸಿ.

ಗಾಡಿ ಕೊಳ್ಳಲು ಅನುಕೂಲವಿಲ್ಲದವರು ಮಗುವಿಗೆ ಏನೋ ಕಡಿಮೆ ಮಾಡಿದೆವೆಂದು ಕೊರಗಬೇಕಾಗಿಲ್ಲ. ಗಾಡಿ ದೊಡ್ಡವರ ಅನುಕೂಲಕ್ಕೆ ಇರುವ ಸಾಧನ. ಅದಿಲ್ಲದೆಯೂ ಮಕ್ಕಳು ಆರೋಗ್ಯವಾಗಿ ಬೆಳೆಯುತ್ತಾರೆ. ತಾಯಿಯ ಹಾಲು, ಸಕಾಲಕ್ಕೆ ಲಸಿಕೆ, ಶುಚಿತ್ವ, ಮನೆಯವರ ಮಡಿಲು ಇವುಗಳಿಗೆ ಮಾತ್ರ ಬದಲಿಯಿಲ್ಲ. ಸಾಲ ಮಾಡಿ ಗಾಡಿ ತರುವ ಬದಲು ಆ ಹಣವನ್ನು ತಾಯಿಯ ಊಟಕ್ಕೆ, ಔಷಧಕ್ಕೆ ಮೀಸಲಿಡಿ.

ನೆನಪಿಡಿ

* ಆರು ತಿಂಗಳವರೆಗೆ ತೋಳು, ಇಲ್ಲವೇ ಪೂರ್ತಿ ಮಲಗುವ ಗಾಡಿ.
* ಕುಳಿತುಕೊಳ್ಳಲು ಬಂದ ಮೇಲೆ ಛತ್ರಿ ಮಾದರಿ ಸಾಕು.
* ತಾಯಿ ಎತ್ತಬಲ್ಲದ್ದೇ ಹಗುರ ಗಾಡಿ.
* ಐದು ಕಡೆಯ ಬೆಲ್ಟ್, ಗಟ್ಟಿ ಬ್ರೇಕ್, ಬೀಗ ಕಟ್ಟುವ ಮಡಿಕೆ ಇರಲೇಬೇಕು.
* ಮಗುವಿನ ಮುಖ ಸದಾ ಕಾಣುತ್ತಿರಲಿ.

ನಿಮ್ಮ ಮಗುವಿನ ಕುತ್ತಿಗೆಯ ಬಲ, ತೂಕ, ಬೆಳವಣಿಗೆಯ ಬಗ್ಗೆ ಸಂದೇಹವಿದ್ದರೆ ಮುಂದಿನ ಲಸಿಕೆಗೆ ಬಂದಾಗ ಮಕ್ಕಳ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ತಾಯಿ-ಮಗು ಇಬ್ಬರೂ ಸುಖವಾಗಿರಲಿ.