ಮೊದಲ ಓಟಿಗೆ ಮುಂಚೆ

ಮೊನ್ನೆ ಮಾರಿಕುಪ್ಪಂ ಗಾಡಿಯಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಮಗು. ಅಷ್ಟರಲ್ಲಿ ಬಂಗಾರಪೇಟೆ ಬಂತು, ನಾನು ಇಳಿಯಬೇಕಾಯಿತು. "ತಾತಾ, ಬಸಿರಲ್ಲಿರೋ ಕೂಸಿನ ಪರ ಮಾತಾಡೋನು ಯುದ್ಧ ಆಗ್ಲಿ ಅಂತಾನೆ. ಯುದ್ಧ ಬೇಡ ಅನ್ನೋನು ಕೂಸಿನ ವಿಷಯಕ್ಕೆ ಬಾಯೇ ಬಿಡಲ್ಲ. ನಾನು ಯಾರಿಗೆ ಓಟು ಹಾಕ್ಲಿ?" ಅಂದೆ. ಮತದಾರರ ಪಟ್ಟಿಗೆ ಹೆಸರು ಸೇರಿ ಇನ್ನೂ ತಿಂಗಳಾಗಿಲ್ಲ, ಆಗಲೇ ಇಂಥದ್ದನ್ನು ಯೋಚಿಸ್ತಿದ್ದೀಯಲ್ಲ ಅಂತ ಮನಸ್ಸು ತುಂಬಿ ಬಂತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಮುತ್ತಾತ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ನೆಲದೊಳಗೆ ದುಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. ಒಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಹಲಗೆ ಮೇಲಿನ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಅಮ್ಮ ಒಲೆ ಆರಿಸಿ, ನನ್ನ ಕೈ ಹಿಡಿದುಕೊಂಡು ಶಾಫ್ಟ್ ಕಡೆ ಓಡುತ್ತಿದ್ದಳು. ಅಲ್ಲಿ ತಮಿಳಿನವರು, ತೆಲುಗಿನವರು, ಕನ್ನಡದವರು, ಎಲ್ಲ ಹೆಂಗಸರೂ ಬಂದು ನಿಂತಿರುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಕೇಜು ಮೇಲೆ ಬಂದಾಗ ಒಬ್ಬೊಬ್ಬಳ ಕಣ್ಣೂ ಒಂದೇ ಒಂದು ಮುಖ ಹುಡುಕುತ್ತಿತ್ತು. ಯುದ್ಧದ ಸುದ್ದಿ ಬಂದಾಗೆಲ್ಲ ನನಗೆ ಮೊದಲು ಕಾಣುವುದು ಆ ಹೆಂಗಸರು. ಗಡಿಯ ಈಚೆಗೂ ಅವರೇ, ಆಚೆಗೂ ಅವರೇ.

ಹಾಗಂತ ಹೊಡೆಯೋಕೆ ಬಂದವನಿಗೆ ಕೈಮುಗಿದು ನಿಲ್ಲು ಅಂತ ಹೇಳುವವನಲ್ಲ ನಾನು. ಬೆಮೆಲ್‌ನಲ್ಲಿ ದುಡಿದವನು. ಚೀನಾ ಯುದ್ಧ ಮುಗಿದು ಎರಡು ವರ್ಷಕ್ಕೆ, 1964ರಲ್ಲಿ ಶುರುವಾದ ಕಂಪನಿ, ಬುಲ್ಡೋಜರಿನ ಜೊತೆಗೆ ಸೇನೆಗೂ ವಾಹನ ಮಾಡಿಕೊಟ್ಟಿದೆ. ಆ ಸಂಬಳದಲ್ಲೇ ನಿಮ್ಮಪ್ಪ ಓದಿದ್ದು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರಲ್ಲ, ನಮ್ಮ ಶಿವಮೊಗ್ಗದವರೂ ಬೆಂಗಳೂರಿನವರೂ ಅದರಲ್ಲಿದ್ದರು. ಮೇ 7ರಂದು ನಮ್ಮ ಸೇನೆ ಉಗ್ರರ ನೆಲೆಗಳನ್ನು ಹೊಡೆದಾಗ ನಾನೂ ಸರಿ ಅಂದೆ. ಆದರೆ ಆ ದಿನ ಹೋಟೆಲ್ಲಿನಲ್ಲಿ ಟಿವಿ ನೋಡುತ್ತಿದ್ದವನೊಬ್ಬ ಮೇಜು ಗುದ್ದಿ, "ಕೂಸುಮರಿ ಸಮೇತ ಮುಗಿಸಿಬಿಡಬೇಕು" ಅಂದ. ಸುತ್ತ ಇದ್ದವರು ಹೂಂ ಅಂದರು. ಕೂಸು ಅನ್ನುವ ಮಾತು ಕಿವಿಗೆ ಬಿದ್ದಮೇಲೆ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯ ಕಥೆ ನಿನಗೆ ಗೊತ್ತಲ್ಲ. ಅಮ್ಮನ ಒತ್ತಾಯಕ್ಕೆ ರಾಜ ಜೀವಂತ ಕೋಳಿ ಬೇಡ ಅಂತ ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತೆ. ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಮನಸ್ಸು ಮಾತ್ರ ನಿಜದ್ದು. ಅದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ನವೆಯುತ್ತಾರೆ. ಹೋಟೆಲ್ಲಿನಲ್ಲಿ ಕೂತು ಕೂಸುಮರಿ ಸಮೇತ ಅನ್ನುವವನು ಕೊಯ್ಯುತ್ತಿರುವುದೂ ಹಿಟ್ಟಿನ ಕೋಳಿಯನ್ನೇ. ವೇದಿಕೆ ಮೇಲೆ ನಿಂತು ಅವನಿಂದ ಹಾಗನ್ನಿಸುವ ಅಭ್ಯರ್ಥಿಯ ಕೈಯಲ್ಲಿ ನಾಳೆ ನಿಜವಾದ ಕತ್ತಿಯೂ ಇರಬಹುದು. ಭಾಷಣ ಕೇಳುವಾಗ ಇದನ್ನು ಗಮನಿಸು. ಕೊಂದವನನ್ನು ಹಿಡಿಯೋಣ, ಶಿಕ್ಷಿಸೋಣ ಅನ್ನುತ್ತಾನಾ, ಇಲ್ಲ ಆ ಊರನ್ನೇ ಸುಡೋಣ ಅನ್ನುತ್ತಾನಾ? ನಿರಪರಾಧಿ ಸತ್ತರೆ ಅವನ ದನಿ ಸ್ವಲ್ಪವಾದರೂ ತಗ್ಗುತ್ತಾ?

ನೀನು ಸರ್ಕಾರ ಎಲ್ಲದರಲ್ಲೂ ಕೈಯಾಡಿಸಬಾರದು ಅನ್ನೋನು. ನನ್ನ ದುಡಿಮೆ ನನ್ನದು, ಒಂದು ಅಂಗಡಿ ಇಡೋಕೆ ಇಷ್ಟೊಂದು ಲೈಸೆನ್ಸ್ ಯಾಕೆ ಅಂತ ವಾದಿಸ್ತೀಯ. ಅದರಲ್ಲಿ ನಿಜವಿದೆ. ಆದರೆ ರೇಷನ್ ಕಾರ್ಡಿನ ಹೆಸರು ತಿದ್ದುವುದರಲ್ಲೇ ಎಡವುವ ಸರ್ಕಾರ, ಬಾಂಬು ಎಲ್ಲಿ ಬೀಳಬೇಕು ಅನ್ನುವುದರಲ್ಲಿ ಮಾತ್ರ ಎಡವಲ್ಲ ಅಂತ ಹೇಗೆ ನಂಬ್ತೀಯ? ರೇಷನ್ ಕಾರ್ಡನ್ನಾದರೆ ಮತ್ತೆ ತಿದ್ದಿಸಬಹುದು.

ಇನ್ನು ಕೂಸಿನ ಮಾತು. ನಮ್ಮ ಜಿಲ್ಲೆಯ ಆವನಿ ಬೆಟ್ಟದಲ್ಲೇ ಸೀತಮ್ಮ ಲವಕುಶರನ್ನು ಹೆತ್ತಳು ಅಂತ ಹಿರಿಯರಿಂದ ಕೇಳಿಕೊಂಡು ಬಂದಿದ್ದೇವೆ. ತುಂಬು ಬಸುರಿಯನ್ನು ರಾಜನೇ ಕಾಡಿಗೆ ಕಳಿಸಿದ. ವಾಲ್ಮೀಕಿ ಆಕೆಯನ್ನು ಏನೂ ವಿಚಾರಣೆ ಮಾಡಲಿಲ್ಲ, ಇರೋಕೆ ಜಾಗ ಕೊಟ್ಟ. ಕೂಸನ್ನು ಉಳಿಸುತ್ತೇನೆ ಅನ್ನುವ ಅಭ್ಯರ್ಥಿ ಬಸುರಿಗೆ ಏನು ಕೊಡುತ್ತಾನೆ ಅಂತ ಕೇಳು. ರಾತ್ರಿ ಹೊತ್ತು ಹೆರಿಗೆ ಮಾಡಿಸುವ ಡಾಕ್ಟರು ತಾಲ್ಲೂಕು ಆಸ್ಪತ್ರೆಯಲ್ಲಿ ಇರುತ್ತಾರಾ? ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ 1994ರಲ್ಲೇ ಕಾನೂನು ಬಂತು. ಆದರೂ 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ, ಹೆಣ್ಣಾದರೆ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಬೇಯುವ ಜಾಗದಲ್ಲಿ, ಮಗು! ಬಸುರಿಯನ್ನು ಬೈಯುವ ಭಾಷಣದಿಂದ ಆ ಮಕ್ಕಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ವರದಕ್ಷಿಣೆಯ ಬಗ್ಗೆ, ಆ ಸ್ಕ್ಯಾನಿಂಗ್ ದಂಧೆಯ ಬಗ್ಗೆ ಬಾಯಿ ಬಿಡದವನು ಕೂಸಿನ ಪರ ಅಂದರೆ ನಾನು ನಂಬಲ್ಲ.

ನಿನ್ನ ಪ್ರಶ್ನೆಗೆ ಬರ್ತೀನಿ. ಯಾವ ಕುರ್ಚಿಗೆ ಓಟು ಹಾಕ್ತಿದ್ದೀಯ ಅಂತ ಮೊದಲು ನೋಡು. ಎಂಎಲ್ಎ ಯುದ್ಧ ಮಾಡಿಸಲಾರ, ನಿಲ್ಲಿಸಲಾರ. ಆಸ್ಪತ್ರೆ, ಪೊಲೀಸು ರಾಜ್ಯದ ಕೈಯಲ್ಲಿವೆ. ಹಾಗಾಗಿ ವಿಧಾನಸಭೆಗೆ ನಾನು ಬಸುರಿ ಬಾಣಂತಿಯರ ಲೆಕ್ಕವನ್ನೇ ಮುಂದಿಡುತ್ತೇನೆ. ಲೋಕಸಭೆಗೆ ಹಾಗಲ್ಲ. ಯುದ್ಧಕ್ಕೆ ಸಂಸತ್ತಿನ ಒಪ್ಪಿಗೆ ಮೊದಲೇ ಪಡೆಯಬೇಕು ಅಂತ ನಮ್ಮ ಸಂವಿಧಾನದಲ್ಲಿ ಇಲ್ಲ. ಆದರೆ ಹಣ ಮಂಜೂರು ಮಾಡುವುದು ಲೋಕಸಭೆಯೇ, ಅಲ್ಲಿ ಪ್ರಶ್ನೆಯನ್ನೂ ಕೇಳಬಹುದು. 1962ರ ನವೆಂಬರಿನಲ್ಲಿ ಚೀನಾದ ಜೊತೆ ಯುದ್ಧ ನಡೆಯುತ್ತಿರುವಾಗಲೇ ಲೋಕಸಭೆ ಕೂತು ಚರ್ಚೆ ಮಾಡಿತು, ಗೊತ್ತಾ? ಆಗ ಪ್ರಶ್ನೆ ಕೇಳಿದವರು ದೇಶದ್ರೋಹಿಗಳಾಗಲಿಲ್ಲ. ಅಂಥ ಹೊತ್ತಿನಲ್ಲಿ ತನ್ನ ಪಕ್ಷದವರನ್ನೇ ಪ್ರಶ್ನೆ ಕೇಳುವ ಗಂಡೆದೆ ಯಾರಿಗಿದೆ ಅನ್ನಿಸುತ್ತೋ ಅವರ ಕಡೆ ನನ್ನ ಓಟು, ಮಿಕ್ಕ ಹತ್ತು ವಿಷಯದಲ್ಲಿ ನನಗೂ ಅವರಿಗೂ ಜಗಳ ಇದ್ದರೂ. ತಪ್ಪು ತೆರಿಗೆ ಹಾಕಿದರೆ ಮುಂದಿನ ಚುನಾವಣೆಯಲ್ಲಿ ಇಳಿಸಬಹುದು, ಸತ್ತವರಿಗೆ ಮುಂದಿನ ಚುನಾವಣೆ ಇರಲ್ಲ.

ಇಬ್ಬರೂ ಬೇಡ ಅನ್ನಿಸಿದರೆ 2013ರಿಂದ ನೋಟಾ ಇದೆ. ಅದಕ್ಕೆ ಎಷ್ಟೇ ಓಟು ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವನೇ ಗೆಲ್ಲುತ್ತಾನೆ. ಅದು ಗೊತ್ತಿದ್ದೂ ಮನಸ್ಸು ಒಪ್ಪದೆ ಅದನ್ನು ಒತ್ತಿದರೆ ನಾನು ನಿನ್ನನ್ನು ಬೈಯಲ್ಲ. ಮನೆಯಲ್ಲೇ ಉಳಿದರೆ ಮಾತ್ರ ಬೈತೀನಿ.

ಭಾನುವಾರ ಬಂಗಾರಪೇಟೆಗೆ ಬಾ. ಹೋದ ಸಲ ನಮ್ಮ ಕ್ಷೇತ್ರದಲ್ಲಿ ನಿಂತವರ ಅಫಿಡವಿಟ್‌ಗಳು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಕೇಸು, ಆಸ್ತಿ, ಓದು ಎಲ್ಲ ಅದರಲ್ಲಿರುತ್ತೆ. ಪ್ರಿಂಟ್ ತೆಗೆಸಿಕೊಂಡು ಬಾ, ಸ್ವಲ್ಪ ದಪ್ಪ ಅಕ್ಷರದಲ್ಲಿ. ಇಬ್ಬರೂ ಕೂತು ಓದೋಣ, ಆಮೇಲೆ ಪಾನಿಪುರಿ ತಿನ್ನೋಕೆ ಹೋಗೋಣ.