ಜೀವ ವಿಮೆಯ ಅರ್ಜಿಯಲ್ಲಿ ಆರೋಗ್ಯದ ನಿಜಸ್ಥಿತಿ

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟಿದ ಮಕ್ಕಳ ಅನ್ನ, ಅಕ್ಷರ, ಆರೋಗ್ಯಗಳಿಗೆ ಭದ್ರವಾದ ಏರ್ಪಾಡು ಮಾಡುವುದೂ ಅದರ ಅಂಗವೇ ಆಗಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ತುರ್ವಿಹಾಳದಂತಹ ಊರುಗಳಲ್ಲಿ ಬಹುಪಾಲು ಸಂಸಾರಗಳು ನಡೆಯುವುದು ಬೇಸಾಯದಿಂದ ಮತ್ತು ಕೂಲಿಯಿಂದ. ಕಾಲುವೆಯ ನೀರು ಹರಿದಲ್ಲಿ ಭತ್ತ, ಮಳೆಯನ್ನೇ ನಂಬಿದಲ್ಲಿ ಜೋಳ. ಎರಡಕ್ಕೂ ಮುಂಗಡವಾಗಿ ಸಾಲ. ದುಡಿಯುವ ಕೈ ಅಕಾಲದಲ್ಲಿ ಇಲ್ಲವಾದರೆ ಸಾಲವೂ ಉಳಿಯುತ್ತದೆ, ಮಕ್ಕಳೂ ಉಳಿಯುತ್ತಾರೆ. ಅಂಥ ದಿನಕ್ಕೆಂದೇ ಅನೇಕರು ಜೀವ ವಿಮೆ ಮಾಡಿಸುತ್ತಾರೆ. ಆದರೆ ಅರ್ಜಿಯಲ್ಲಿ ಬರೆದ ಒಂದು ಸುಳ್ಳು ಆ ಆಸರೆಯನ್ನೇ ಕಿತ್ತುಕೊಳ್ಳಬಲ್ಲದು.

ನಂಬಿಕೆಯ ಕರಾರು

ಎತ್ತನ್ನು ಕೊಳ್ಳುವವನು ಅದರ ಹಲ್ಲು, ಗೊರಸು, ನಡಿಗೆಗಳನ್ನು ತಾನೇ ಪರೀಕ್ಷಿಸುತ್ತಾನೆ. ಜೀವ ವಿಮೆ ಹಾಗಲ್ಲ. ನಿಮ್ಮ ದೇಹದ ಇತಿಹಾಸವನ್ನು ಬಲ್ಲವರು ನೀವು. ವಿಮಾ ಸಂಸ್ಥೆಯು ನಿಮ್ಮ ಮಾತನ್ನು ನಂಬಿ ಕಂತನ್ನು ಗೊತ್ತುಮಾಡುತ್ತದೆ. ಆದುದರಿಂದ ಕೇಳಿದ ಪ್ರಶ್ನೆಗಳಿಗೆ ತಿಳಿದಷ್ಟನ್ನೂ ನಿಜವಾಗಿ ಹೇಳುವುದು ಅರ್ಜಿದಾರನ ಕರ್ತವ್ಯವಾಗಿದೆ. 1956ರ ಸೆಪ್ಟೆಂಬರ್ 1ರಂದು ಸ್ಥಾಪನೆಯಾದ ಭಾರತೀಯ ಜೀವ ವಿಮಾ ನಿಗಮಕ್ಕೂ, ಅನಂತರ ಬಂದ ಖಾಸಗಿ ಸಂಸ್ಥೆಗಳಿಗೂ ಈ ನಿಯಮವು ಒಂದೇ.

ಏನನ್ನು ತಿಳಿಸಬೇಕು?

ಅರ್ಜಿಯಲ್ಲಿ ಸಾಮಾನ್ಯವಾಗಿ ಕೆಳಗಿನ ವಿಷಯಗಳನ್ನು ಕೇಳಲಾಗುತ್ತದೆ:

1. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ಬೇನೆ, ಮೂರ್ಛೆ ರೋಗ ಮುಂತಾದವು. ಕ್ಷಯಕ್ಕೆ ಪೂರ್ಣ ಚಿಕಿತ್ಸೆ ಪಡೆದು ಗುಣವಾಗಿದ್ದರೂ ಹೇಳಬೇಕು.
2. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದುದು, ಅಪಘಾತ ಮತ್ತು ಶಸ್ತ್ರಚಿಕಿತ್ಸೆಗಳು.
3. ತಂದೆ, ತಾಯಿ, ಒಡಹುಟ್ಟಿದವರ ವಯಸ್ಸು. ತೀರಿಕೊಂಡಿದ್ದರೆ ಅದಕ್ಕೆ ಕಾರಣ.
4. ಬೀಡಿ, ತಂಬಾಕು, ಮದ್ಯ ಮುಂತಾದ ಅಭ್ಯಾಸಗಳು.
5. ಹಿಂದೆ ಮಾಡಿಸಿದ ವಿಮೆಗಳು ಮತ್ತು ತಿರಸ್ಕೃತವಾದ ಅರ್ಜಿಗಳು.

ಮಹಿಳೆಯರಿಗೆ ಇನ್ನೂ ಕೆಲವು ಪ್ರಶ್ನೆಗಳುಂಟು: ಈಗ ಗರ್ಭಿಣಿಯೇ, ಕೊನೆಯ ಹೆರಿಗೆ ಯಾವಾಗ ಆಯಿತು, ಗರ್ಭಪಾತ ಅಥವಾ ಸಿಸೇರಿಯನ್ ಆಗಿತ್ತೇ ಎಂಬುವು. ನಾಚಿಕೆಯಿಂದ ಇವುಗಳನ್ನು ಮರೆಮಾಚಬಾರದು. ಮಕ್ಕಳಾಗದಂತೆ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯೂ ಶಸ್ತ್ರಚಿಕಿತ್ಸೆಯೇ. ಪತಿಯಾಗಲಿ ಪತ್ನಿಯಾಗಲಿ ಅದನ್ನು ಬರೆಯಿಸುವುದು ಕ್ಷೇಮ.

"ಅದನ್ನೆಲ್ಲಾ ಬರಿಯೋದು ಬ್ಯಾಡ್ರಿ" ಎಂದರೆ?

ಏಜೆಂಟರಾಗಲಿ ನೆರೆಹೊರೆಯವರಾಗಲಿ ಹೀಗೆಂದು ಸಲಹೆ ಕೊಟ್ಟರೆ ಒಪ್ಪಬೇಡಿ. ಅರ್ಜಿಯನ್ನು ಯಾರೇ ತುಂಬಿರಲಿ, ಸಹಿ ಅಥವಾ ಹೆಬ್ಬೆರಳ ಗುರುತು ನಿಮ್ಮದು. ಅರ್ಜಿದಾರರು ಓದುಬರಹ ಅರಿಯದವರಾಗಿದ್ದರೆ, ಎಲ್ಲವನ್ನೂ ಓದಿ ವಿವರಿಸಿರುವುದಾಗಿ ಮತ್ತೊಬ್ಬರು ಬರೆದು ಸಹಿ ಮಾಡಬೇಕಾದ ಭಾಗವೂ ಅರ್ಜಿಯಲ್ಲಿದೆ. ಓದಿಸಿ ಕೇಳದೆ ಹೆಬ್ಬೆರಳನ್ನು ಒತ್ತಬೇಡಿ.

ಕಾಯಿಲೆಯನ್ನು ಹೇಳಿದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗುತ್ತದೆಂದು ತಿಳಿಯಬಾರದು. ಹತೋಟಿಯಲ್ಲಿರುವ ರಕ್ತದೊತ್ತಡಕ್ಕೆ ಸ್ವಲ್ಪ ಹೆಚ್ಚಿನ ಕಂತನ್ನು ವಿಧಿಸಬಹುದು, ಪರೀಕ್ಷೆಗೆ ಕಳುಹಿಸಬಹುದು, ಕೆಲವು ತಿಂಗಳು ತಡೆಯಿರಿ ಎನ್ನಬಹುದು. ನಿರಾಕರಿಸಿದರೂ ಕಟ್ಟದ ಕಂತು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಮುಚ್ಚಿಟ್ಟು ಪಡೆದ ಪಾಲಿಸಿಯಲ್ಲಾದರೋ ಕಂತೂ ಹೋದೀತು, ಆಸರೆಯೂ ಹೋದೀತು.

ಕಾನೂನು ಏನು ಹೇಳುತ್ತದೆ?

1938ರ ವಿಮಾ ಅಧಿನಿಯಮದ 45ನೆಯ ಪ್ರಕರಣವನ್ನು 2015ರಲ್ಲಿ ತಿದ್ದಲಾಯಿತು. ಅದರಂತೆ ಪಾಲಿಸಿ ಕೊಟ್ಟು ಮೂರು ವರ್ಷ ಕಳೆದ ಮೇಲೆ ಯಾವ ಕಾರಣದಿಂದಲೂ ಅದನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ, ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟದ್ದು ಕಂಡುಬಂದರೆ ಸಂಸ್ಥೆಯು ಹಣವನ್ನು ನಿರಾಕರಿಸಬಹುದು. ವಂಚನೆಯ ಉದ್ದೇಶವಿಲ್ಲದಿದ್ದಲ್ಲಿ ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂದಿರುಗಿಸಬೇಕು. ವಂಚನೆಯೆಂಬ ಆರೋಪ ಬಂದು ವಿಮಾದಾರನು ಜೀವಂತವಾಗಿಲ್ಲದಿದ್ದರೆ, ಅದು ವಂಚನೆಯಲ್ಲವೆಂದು ತೋರಿಸುವ ಹೊಣೆಯು ಹಣ ಪಡೆಯಬೇಕಾದವರ ಮೇಲೆ ಬೀಳುತ್ತದೆ. ಪತಿಯು ಬರೆಯಿಸಿದ ಸುಳ್ಳಿಗೆ, ಅದನ್ನು ಅರಿಯದ ಪತ್ನಿಯು ಉತ್ತರ ಹೇಳಬೇಕಾದ ದುಃಸ್ಥಿತಿ ಇದು.

"ಮೂರು ವರ್ಷ ಕಳೆದರಾಯಿತು" ಎಂದು ಲೆಕ್ಕ ಹಾಕುವವರೂ ಉಂಟು. ಸಾವು ವರ್ಷವೆಣಿಸಿ ಬರುವುದಿಲ್ಲ. ಅಲ್ಲದೆ, ಕಂತು ನಿಂತು ಹೋದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದಾಗ ಮೂರು ವರ್ಷದ ಎಣಿಕೆ ಹೊಸದಾಗಿ ಮೊದಲಾಗುತ್ತದೆ. ಆಗ ಆರೋಗ್ಯದ ಹೇಳಿಕೆಯನ್ನು ಕೇಳಿದರೆ ಅದನ್ನೂ ನಿಜವಾಗಿ ಬರೆಯಬೇಕು.

ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣವನ್ನು ನೋಡಿರಿ. ವಿಮೆಗೆ ಸುಮಾರು ನಾಲ್ಕು ವರ್ಷ ಮೊದಲು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವರೊಬ್ಬರು ಅರ್ಜಿಯಲ್ಲಿ ಅದನ್ನು ತಿಳಿಸಿರಲಿಲ್ಲ. ಆರು ತಿಂಗಳೊಳಗೆ ಅವರು ತೀರಿಕೊಂಡರು. ಕುಟುಂಬದವರು ಸುಪ್ರೀಂ ಕೋರ್ಟಿನವರೆಗೂ ಹೋದರು, ಹಣ ದೊರೆಯಲಿಲ್ಲ. ಸಾವಿಗೆ ಸಂಬಂಧಿಸದ ಕಾಯಿಲೆಯನ್ನು ಹೇಳಿರಲಿಲ್ಲವೆಂಬ ಮತ್ತೊಂದು ಪ್ರಕರಣದಲ್ಲಿ 2015ರಲ್ಲಿ ಅದೇ ನ್ಯಾಯಾಲಯವು ಕುಟುಂಬದ ಪರವಾಗಿ ತೀರ್ಪಿತ್ತಿತು. ಆದರೆ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ಶಕ್ತಿ ಎಷ್ಟು ಸಂಸಾರಗಳಿಗುಂಟು?

ದಂಪತಿಗಳು ಮಾಡಬೇಕಾದುದು

ಅರ್ಜಿ ತುಂಬುವಾಗ ಗಂಡಹೆಂಡಿರಿಬ್ಬರೂ ಕೂಡಿ ಕುಳಿತುಕೊಳ್ಳಿ. ಆಸ್ಪತ್ರೆಯ ಚೀಟಿಗಳನ್ನೂ, ತಾಯಿ ಕಾರ್ಡನ್ನೂ ಎದುರಿಗಿಟ್ಟುಕೊಳ್ಳಿ. ಕಾಯಿಲೆಯ ಹೆಸರು ತಿಳಿಯದಿದ್ದರೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಕೇಳಿರಿ. ಪಾಲಿಸಿ ಬಂದ ಕೂಡಲೆ ಅದರೊಡನೆ ಇರುವ ಅರ್ಜಿಯ ಪ್ರತಿಯನ್ನು ಓದಿಸಿ. ತಪ್ಪಿದ್ದರೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಒಪ್ಪಿಗೆಯಾಗದ ಪಾಲಿಸಿಯನ್ನು 30 ದಿನಗಳೊಳಗೆ ಮರಳಿಸಲೂಬಹುದು.

ಹೆಚ್ಚಿನ ಕಂತು ಕಟ್ಟಲಾರದವರಿಗೆ 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯಿದೆ. 18ರಿಂದ 50 ವರ್ಷದೊಳಗಿನವರು ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆಯ ಮೂಲಕ ಸೇರಬಹುದು. 2022ರ ಜೂನ್‌ನಲ್ಲಿ ಇದರ ಕಂತನ್ನು ವರ್ಷಕ್ಕೆ 436 ರೂಪಾಯಿಗೆ ನಿಗದಿಪಡಿಸಲಾಯಿತು. ವಿಮಾ ಮೊತ್ತ 2 ಲಕ್ಷ ರೂಪಾಯಿ.

ನ್ಯಾಯವಾದ ಹಣವನ್ನು ನಿರಾಕರಿಸಿದರೆ ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ದೊರೆಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ಬರೆಯಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅರ್ಜಿಯಲ್ಲಿ ನಿಜವನ್ನೇ ಬರೆದವರ ಕುಟುಂಬವು ಅಲ್ಲಿ ಧೈರ್ಯದಿಂದ ನಿಲ್ಲಬಲ್ಲದು.

ಮನನಕ್ಕೆ ಪ್ರಶ್ನೆಗಳು

1. ಗುಣವಾದ ಕಾಯಿಲೆಯನ್ನೂ ಅರ್ಜಿಯಲ್ಲಿ ಏಕೆ ತಿಳಿಸಬೇಕು?
2. ಅರ್ಜಿಯನ್ನು ಬೇರೆಯವರು ತುಂಬಿದರೂ ಹೊಣೆ ಯಾರದು?
3. ನಿಮ್ಮ ಮನೆಯ ಪಾಲಿಸಿಯಲ್ಲಿ ಬರೆದಿರುವುದನ್ನು ನೀವಿಬ್ಬರೂ ಬಲ್ಲಿರಾ?