ಕೊಟ್ಟಿಗೆಯ ಔಷಧವೂ ಆಸ್ಪತ್ರೆಯ ರೋಗಿಯೂ

ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯು 1848ರಲ್ಲಿ ಸ್ಥಾಪಿತವಾದುದು. ತರುವಾಯ ಈ ನಗರದಲ್ಲಿ ವೈದ್ಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಬೆಳೆದುವು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಕಾಸರಗೋಡು ಸೀಮೆಗಳ ಬೇಸಾಯಗಾರನಿಗೆ ಕಾಯಿಲೆಯು ವಿಷಮಿಸಿದರೆ ಮನೆಯವರು ಅವನನ್ನು ಇಲ್ಲಿಗೆ ಕರೆತರುವುದುಂಟು. ಅಲ್ಲಿಯ ತೀವ್ರ ನಿಗಾ ಘಟಕದಲ್ಲಿ ಔಷಧವು ನಾಟದೆ ಹೋಗುವುದಕ್ಕೂ ರೈತನ ಕೊಟ್ಟಿಗೆಗೂ ಸಂಬಂಧವಿದೆಯೆಂಬುದನ್ನು ಎಲ್ಲರೂ ಅರಿತಿರುವುದು ಅವಶ್ಯಕ.

ತೀವ್ರ ನಿಗಾ ಘಟಕದ ರೋಗಿಯು ಬಹಳ ನಿತ್ರಾಣನಾಗಿರುವನು. ಉಸಿರಾಟಕ್ಕೂ ಮೂತ್ರಕ್ಕೂ ಇಟ್ಟ ನಳಿಗೆಗಳ ಮೂಲಕ ಕ್ಲೆಬ್ಸಿಯೆಲ್ಲ, ಅಸಿನೆಟೊಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಗಳು ಒಳಹೊಕ್ಕು, ಶ್ವಾಸಕೋಶವನ್ನೂ ರಕ್ತವನ್ನೂ ಕೆಡಿಸುವುವು. ರೂಢಿಯ ಪ್ರತಿಜೀವಕ ಔಷಧಗಳು ಸೋತಾಗ ವೈದ್ಯರು ಕೊಲಿಸ್ಟಿನ್ ಎಂಬುದನ್ನು ಕೊಡುವರು. ಮೂತ್ರಪಿಂಡಗಳಿಗೆ ಕೇಡೆಂದು ಹಿಂದೆ ಬದಿಗಿರಿಸಿದ್ದ ಈ ಔಷಧವೇ ಇಂದು ಕಡೆಯ ಆಸರೆಗಳಲ್ಲೊಂದು.

ಔಷಧವು ಸೋಲುವುದು ಹೇಗೆ? ಗದ್ದೆಗೆ ಒಂದೇ ಕಳೆನಾಶಕವನ್ನು ವರ್ಷವರ್ಷವೂ ಸಿಂಪಡಿಸಿದರೆ, ಅದಕ್ಕೆ ಸಾಯದ ಕೆಲವು ಗಿಡಗಳು ಉಳಿದು, ಬೀಜ ಉದುರಿಸಿ, ಗದ್ದೆಯನ್ನೆಲ್ಲ ತುಂಬುವುವು. ಬ್ಯಾಕ್ಟೀರಿಯಗಳಲ್ಲಿಯೂ ಹಾಗೆಯೇ. ಇವುಗಳಿಗೆ ಇನ್ನೊಂದು ಶಕ್ತಿಯೂ ಉಂಟು: ಔಷಧವನ್ನು ತಡೆಯುವ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೆ ದಾಟಿಸಬಲ್ಲವು. ಕೊಲಿಸ್ಟಿನನ್ನು ತಡೆಯುವ ಇಂತಹ ಗುಣವು ಚೀನಾ ದೇಶದ ಹಂದಿಗಳಲ್ಲಿಯೂ ಮಾಂಸದಲ್ಲಿಯೂ ರೋಗಿಗಳಲ್ಲಿಯೂ ಇರುವುದು 2015ರಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿ ಕೋಳಿಗಳು ಬೇಗನೆ ಕೊಬ್ಬಲೆಂದು ಮೇವಿನಲ್ಲಿ ಇದೇ ಔಷಧವನ್ನು ಬೆರೆಸುತ್ತಿದ್ದರು. ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಇದರ ಬಳಕೆಯನ್ನು ಕೇಂದ್ರ ಸರ್ಕಾರವು 2019ರ ಜುಲೈಯಲ್ಲಿ ನಿಷೇಧಿಸಿತು. ಬೆಳೆಗಳಿಗೆ ಸಿಂಪಡಿಸುತ್ತಿದ್ದ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಮಿಶ್ರಣಕ್ಕೂ 2021ರ ಆದೇಶದಿಂದ ತಡೆಯುಂಟಾಯಿತು. ಸ್ಟ್ರೆಪ್ಟೊಮೈಸಿನ್ ಕ್ಷಯರೋಗದ ಔಷಧವೆಂಬುದನ್ನು ಮರೆಯಲಾಗದು. ಮನುಷ್ಯರಲ್ಲಿ ಮನಬಂದಂತೆ ನಡೆಯುವ ಬಳಕೆಯೂ ಆಸ್ಪತ್ರೆಯಲ್ಲಿ ಕೈಗಳಿಂದ ಸೋಂಕು ಹರಡುವುದೂ ಈ ಕೇಡಿಗೆ ದೊಡ್ಡ ಕಾರಣಗಳು. ಕೊಟ್ಟಿಗೆಯ ಪಾಲೂ ಇಲ್ಲದಿಲ್ಲ. ಗೊಬ್ಬರ, ನೀರು, ಮಾಂಸಗಳು ಎರಡಕ್ಕೂ ನಡುವಣ ದಾರಿಗಳು.

ಆದಕಾರಣ ರೈತರು ಈ ಕೆಳಗಿನ ನಿಯಮಗಳನ್ನು ಅನುಸರಿಸತಕ್ಕದ್ದು:

1. ಪಶುವೈದ್ಯರ ಚೀಟಿಯಿಲ್ಲದೆ ದನ, ಕೋಳಿ, ಸಿಗಡಿಗಳಿಗೆ ಪ್ರತಿಜೀವಕಗಳನ್ನು ಕೊಡಕೂಡದು. ಬೆಳವಣಿಗೆಗೆಂದು ಮೇವಿನಲ್ಲಿ ಬೆರೆಸಲೇಕೂಡದು.

2. ಕೆಚ್ಚಲುಬಾವಿಗೆ ಔಷಧ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರಕೂಡದು.

3. ಕೊಟ್ಟಿಗೆಯನ್ನು ಶುಚಿಯಾಗಿಟ್ಟು, ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸುವುದು. ಬಾರದ ರೋಗಕ್ಕೆ ಔಷಧವು ಬೇಡ.

4. ಕೋಳಿಗೊಬ್ಬರವನ್ನು ಚೆನ್ನಾಗಿ ಕಳಿಸಿದ ಮೇಲೆಯೇ ಅಡಿಕೆ ತೋಟಕ್ಕೆ ಹಾಕುವುದು.

5. ಬತ್ತದ ದುಂಡಾಣು ಅಂಗಮಾರಿಗೆ ರೋಗನಿರೋಧಕ ತಳಿಗಳನ್ನು ಆರಿಸಿ, ಸಾರಜನಕ ಗೊಬ್ಬರವನ್ನು ಮಿತವಾಗಿ ಬಳಸಿ, ನೀರನ್ನು ಬಸಿಯುವಂತೆ ಮಾಡುವುದು.

6. ಆಸ್ಪತ್ರೆಯಲ್ಲಿ ರೋಗಿಯನ್ನು ಮುಟ್ಟುವ ಮೊದಲೂ ಅನಂತರವೂ ಕೈತೊಳೆಯುವುದು.

ಬಿತ್ತನೆಯ ಬೀಜವನ್ನು ಹಸಿವಾಯಿತೆಂದು ಉಣ್ಣುವ ರೈತನಿಲ್ಲ. ಕಡೆಯ ಔಷಧವೂ ಬಿತ್ತನೆಯ ಬೀಜದಂತೆ ಕಾದಿಡತಕ್ಕ ವಸ್ತು. ಇಂದು ಮೇವಿನಲ್ಲಿ ಅದು ವ್ಯರ್ಥವಾದರೆ, ನಾಳೆ ತನ್ನ ಮನೆಯವರಿಗೇ ಬೇಕಾದಾಗ ಅದು ಫಲಿಸದೆ ಹೋದೀತು.